ಗಾಡಿ ಮಾರಿಲ್ಲ ಕಣ್ರೀ

ಏನೂಂದ್ರೆ,

ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಕಾಗದದಲ್ಲೂ ಇದೇ ಇರಲಿ. ಫೋನ್ ಇರುವಾಗ ಇವಳಿಗೇನು ಬಂತು ಅಂದುಕೊಳ್ಳಬೇಡಿ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಮಧ್ಯೆ ಬಾಯಿ ಹಾಕುತ್ತೀರಿ, ಇಲ್ಲವೇ "ಆಯ್ತು, ಇಡ್ತೀನಿ" ಅಂತ ಇಟ್ಟೇಬಿಡುತ್ತೀರಿ. ಕಾಗದಕ್ಕೆ ಹಾಗೆ ಮಾಡಲಾಗದು. ಪೂರ್ತಿ ಓದುವವರೆಗೆ ಕಾಫಿ ಕೊಡಬೇಡಿ ಎಂದು ನಿಮ್ಮ ಅಕ್ಕನಿಗೆ ಹೇಳಿಟ್ಟಿದ್ದೇನೆ.

ವಿಷಯ ಇಷ್ಟೆ. ಗಾಡಿ ಮಾರಿಲ್ಲ.

ಮಂಡಿಯ ಆಪರೇಷನ್ ಆದಮೇಲೆ ಇನ್ನು ಬೈಕ್ ಓಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದಾಗಿನಿಂದ ನಿಮ್ಮದು ಒಂದೇ ಹಟ. "ಅದು ಬಾಗಿಲಲ್ಲಿ ನಿಂತಿರೋವರೆಗೂ ನಾನು ಮನೆಗೆ ಬರಲ್ಲ. ಯಾರಿಗಾದ್ರೂ ಕೊಟ್ಬಿಡು, ಆಮೇಲೆ ಬರ್ತೀನಿ" ಎಂದು ಅಕ್ಕನ ಮನೆಯಲ್ಲೇ ಕೂತುಬಿಟ್ಟಿರಿ. ಈಗ ನಡೆಯುತ್ತೀರಿ, ಮೆಟ್ಟಿಲೂ ಹತ್ತುತ್ತೀರಂತೆ. ಆದರೂ ಬಂದಿಲ್ಲ. ನಿಮ್ಮ ಮಾತಿಗೆ ತಲೆಬಾಗಿ, ಗಾಡಿ ಕೊಳ್ಳುತ್ತೇನೆಂದಿದ್ದ ಮೂಲೆಮನೆಯ ಪೇಂಟರನ್ನು ಕರೆಸಿದೆ. ಅವರು ಹಿಂದಿನ ಸೀಟನ್ನು ಅಂಗೈಯಲ್ಲಿ ಒತ್ತಿ ಬಿಟ್ಟು, "ಶಾಕ್ ಅಬ್ಸಾರ್ಬರ್ ಎರಡೂ ಸತ್ತಿವೆ ಅಮ್ಮ, ಎಣ್ಣೆ ಸೋರ್ತಿದೆ" ಅಂದರು. ನಿಮ್ಮ ಗಾಡಿಯ ಬಗ್ಗೆ ಹೊರಗಿನವರು ಹಾಗಂದದ್ದಕ್ಕೆ ಎಲ್ಲಿತ್ತೋ ಆ ಸಿಟ್ಟು. "ಸತ್ತಿದ್ರೆ ಬೇರೆ ಹಾಕ್ತೀನಿ, ಮಾರೋದಿಲ್ಲ" ಅಂದುಬಿಟ್ಟೆ. ಪಾಪ, ಬಂದ ದಾರಿಗೆ ಸುಂಕವಿಲ್ಲವೆಂದು ಹೋದರು.

ಅವು ಸವೆದಿರುವುದು ನನಗೆ ನಿಮಗಿಂತ ಮೊದಲೇ ಗೊತ್ತಿತ್ತು. ಮುಂದೆ ಕೂತವರಿಗೆ ರಸ್ತೆ ಕಣ್ಣಿಗೆ ಕಾಣುತ್ತದೆ, ಹಿಂದೆ ಕೂತವರಿಗೆ ಸೊಂಟಕ್ಕೆ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ನನ್ನನ್ನು ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿ ಇಳಿಸಿ ನೀವು ಪಂಪ್‌ಹೌಸಿಗೆ ಹೋಗುತ್ತಿದ್ದಿರಿ. ದಾರಿಯಲ್ಲಿ ಗುಂಡಿ ಕಂಡರೆ ನಿಮ್ಮ ಎಡ ಮೊಣಕೈ ಒಂದಿಷ್ಟು ಮೇಲೇಳುತ್ತಿತ್ತು. ಹಾಗೆ ಮಾಡುತ್ತೇನೆಂದು ನೀವು ಹೇಳಿದವರಲ್ಲ, ಯಾಕೆಂದು ನಾನು ಕೇಳಿದವಳಲ್ಲ. ಮೊಣಕೈ ಎದ್ದಿತೆಂದರೆ ನಾನು ಬುತ್ತಿಚೀಲ ಬಿಗಿ ಹಿಡಿದು ಸೀಟಿನಿಂದ ಸ್ವಲ್ಪ ಏಳುತ್ತಿದ್ದೆ. ಹಿಂದಿನ ರಾತ್ರಿ ಜಗಳವಾಡಿ ಮಾತು ಬಿಟ್ಟ ದಿನವೂ ಅದು ಏಳುತ್ತಿತ್ತು. ಆಮೇಲೆ ಮಗಳು ಬಂದಳು. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡು ನಿಮ್ಮ ಅಂಗಿಗೆ ಜೊಲ್ಲು ಸುರಿಸುತ್ತಾ ನಿದ್ದೆ ಹೋಗುತ್ತಿದ್ದಳು. ಆ ಅಂಗಿಗಳನ್ನು ಒಗೆದವಳು ನಾನೇ ಆದ್ದರಿಂದ ಚೆನ್ನಾಗಿ ನೆನಪಿದೆ.

ಶಾಕ್ ಅಬ್ಸಾರ್ಬರಿನ ಹೊಸ ಜೋಡಿ ತಂದೆ. ಗ್ಯಾರೇಜಿಗೆ ಬಿಡಲು ಮನಸ್ಸು ಬರಲಿಲ್ಲ. ಆ ಗಾಡಿಗೆ ಮೆಕ್ಯಾನಿಕ್ಕಿನ ಕೈ ತಾಗಿಸಿದವರೇ ಅಲ್ಲ ನೀವು. ರಜೆ ಬಂದರೆ ಮೆಟ್ಟಿಲ ಕೆಳಗಿನ ಓಣಿಯಲ್ಲಿ ಹಳೆ ಬೆಡ್‌ಶೀಟು ಹಾಸಿ ನೀವು ಚಕ್ರದ ಈ ಕಡೆ, ಮರದ ಮಣೆಯ ಮೇಲೆ ನಾನು ಆ ಕಡೆ. ಸ್ಪ್ಯಾನರ್ ಕೊಡುವುದು, ವಾಷರುಗಳನ್ನು ತಟ್ಟೆಯಲ್ಲಿ ಕಾಯುವುದು, ನಿಮ್ಮ ಬೈಗುಳ ಕೇಳುವುದು ನನ್ನ ಕೆಲಸ. ನೋಡಿ ನೋಡಿ ಎಲ್ಲ ಬರುತ್ತದೆ ಅಂತ ನನಗೆ ಬಲು ಜಂಬ.

ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿದೆ. ಒಂದೇ ಸಲ ಎರಡನ್ನೂ ಬಿಚ್ಚಬಾರದು, ಒಂದನ್ನು ತೆಗೆದಾಗ ಇನ್ನೊಂದು ಹಿಡಿದಿರಬೇಕು ಎಂದು ನೀವು ಹೇಳುತ್ತಿದ್ದದ್ದು ನೆನಪಿತ್ತು. ಬಲಗಡೆಯ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಜೋತುಬಿದ್ದೆ. ಕೆಳಮನೆಯ ದರ್ಜಿ ಅಂಗಡಿಯಿಂದ ತಲೆ ಹೊರಹಾಕಿ, "ಅಮ್ಮ, ನಿಮ್ಗೆ ಯಾಕೆ ಈ ಉಸಾಬರಿ? ಗ್ಯಾರೇಜಿಗೆ ಬಿಡಬಾರ್ದಾ?" ಅಂದರು. "ನಿಮ್ಮ ಹೊಲಿಗೆ ನೀವು ನೋಡ್ಕೊಳಿ" ಅಂದೆ. ಅಂದಮೇಲೆ ಬಿಚ್ಚಲೇಬೇಕಲ್ಲ. ಬಿಚ್ಚಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಸೋತು ಸುಣ್ಣವಾಗಿ ನನ್ನ ಹಳೆ ಮಣೆಯನ್ನು ಆ ಕಡೆಗೆ ಎಳೆದುಕೊಂಡು ಕೂತೆ.

ಅಲ್ಲಿ ಕೂತಾಗ ಚಕ್ರದ ಕಡ್ಡಿಗಳ ನಡುವೆ ನಿಮ್ಮ ಕೈ ಕಂಡ ಹಾಗಾಯಿತು. ಹೆಬ್ಬೆರಳಲ್ಲಿ ಗ್ರೀಸು, ಮಣಿಕಟ್ಟಿನಲ್ಲಿ ಆ ಹಳೆ ವಾಚು. ಕೈ ತಿರುಗುತ್ತಿದ್ದ ದಿಕ್ಕೂ ಕಂಡಿತು. ಆಗ ತಲೆಗೆ ಹೊಳೆಯಿತು. ನಾನು ನಿಮ್ಮ ಕೈಯನ್ನು ಯಾವತ್ತೂ ನೋಡಿದ್ದು ಎದುರು ಕಡೆಯಿಂದ. ನೀವು ಎಡಕ್ಕೆ ತಿರುಗಿಸಿದ್ದು ನನಗೆ ಬಲಕ್ಕೆ ಕಂಡಿತ್ತು. ಕಂಡ ಹಾಗೇ ತಿರುಗಿಸುತ್ತಾ ಅಷ್ಟು ಹೊತ್ತೂ ನಾನು ನಟ್ಟನ್ನು ಬಿಗಿ ಮಾಡುತ್ತಿದ್ದೆ ಕಣ್ರೀ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದವಳಿಗೆ ಯಾವಾಗ ಅಳು ಬಂತೋ ತಿಳಿಯಲಿಲ್ಲ. ಆ ಜಾಗದಲ್ಲಿ ನೀವಿಲ್ಲದೆ ನನಗೆ ತುಂಬಾ ಬೇಜಾರಾಗಿದೆ.

ಆಮೇಲೆ ಎದ್ದು ಎಡಕ್ಕೆ ಎಳೆದೆ. ಕಿರ್ರೆಂದು ಬಿಟ್ಟುಕೊಂಡಿತು. ಚಕ್ರದ ಕೆಳಗೆ ಹಲಗೆ ಕೊಟ್ಟು ಎತ್ತಿ, ಹೊಸದನ್ನು ಇಟ್ಟು ತೂತಿಗೆ ತೂತು ಕೂಡಿಸಿದೆ, ಬಲಗಡೆ ಮುಗಿಸಿ ಎಡಗಡೆ. ಕೊನೆಗೆ ಹಿಂದಿನ ಸೀಟಿನಲ್ಲಿ ಕೂತು ಕುಲುಕಿ ನೋಡಿದೆ. ಮೆತ್ತಗೆ ಇಳಿದು ಮೆತ್ತಗೆ ಎದ್ದಿತು. ಎದುರಿಗೆ ನಿಮ್ಮ ಬೆನ್ನಿರಲಿಲ್ಲ, ಬರೀ ಗೋಡೆ. ಹೆಚ್ಚು ಹೊತ್ತು ಕೂರಲಾಗದೆ ಮುಂದಿನ ಸೀಟಿಗೆ ಸರಿದೆ.

ಹೌದು, ಓಡಿಸುತ್ತಿದ್ದೇನೆ. ಮದುವೆಯಾದ ಹೊಸತರಲ್ಲಿ ಪಂಪ್‌ಹೌಸಿನ ಹಿಂದಿನ ಬಯಲಿನಲ್ಲಿ ನೀವೇ ಕಲಿಸಿದ್ದು, ಕೈ ಮರೆತಿರಲಿಲ್ಲ. ಲೈಸೆನ್ಸೂ ಆಯಿತು. ನಿನ್ನೆ ದರ್ಜಿಯವರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗಿಬಂದೆ. ಇಳಿದವಳು, "ಮಂಚದ ಮೇಲೆ ಕೂತ ಹಾಗಿತ್ತು ಕಣ್ರೀ" ಅಂದಳು. ಅವರ ಮನೆ ಮಂಚ ನಾನು ನೋಡಿಲ್ಲ, ಹೊಗಳಿಕೆ ಅಂದುಕೊಂಡಿದ್ದೇನೆ.

ಈ ಭಾನುವಾರ ಅದೇ ಗಾಡಿಯಲ್ಲಿ ಅಕ್ಕನ ಮನೆಗೆ ಬರುತ್ತೇನೆ. ನಿಮ್ಮನ್ನು ಮನೆಗೆ ಕರೆದುಕೊಂಡು ಬರಲು. ಮಂಡಿ ಮಡಚುತ್ತದೆ, ಹಿಂದೆ ಕೂರಬಹುದು ಅಂತ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದೇನೆ. ನೀವು ಹಿಂದೇಟು ಹಾಕುವುದು ಮಂಡಿಗಾಗಿ ಅಲ್ಲ, ಹಿಂದೆ ಕೂರುವುದಕ್ಕೆ ಎಂದು ನನಗೆ ಗೊತ್ತು. ಒಲ್ಲೆ ಅಂದರೆ ಒಬ್ಬಳೇ ವಾಪಸು ಬಂದು ಮರುದಿನವೇ ಪೇಂಟರಿಗೆ ಗಾಡಿ ಕೊಟ್ಟುಬಿಡುತ್ತೇನೆ, ಸಿಟ್ಟಿಲ್ಲ. ನನಗೆ ಗಾಡಿಗಿಂತ ನೀವು ಮನೆಯಲ್ಲಿರುವುದು ಮುಖ್ಯ. ಆದರೆ ಒಲ್ಲೆ ಅನ್ನುವ ಮೊದಲು ನನ್ನದೊಂದು ಮಾತು. ಇಷ್ಟು ವರ್ಷ ನಾನು ಹಿಂದೆ ಕೂತೆನಲ್ಲ, ಒಂದು ದಿನವೂ ನಾನು ಕಡಿಮೆಯವಳು ಅನ್ನಿಸಲಿಲ್ಲ. ಮುಂದೆ ಏನಿದೆಯೋ ಕಾಣುತ್ತಿರಲಿಲ್ಲ, ಆದರೂ ಹೆದರಿಕೆಯಾಗಲಿಲ್ಲ. ನೋಡಿಕೊಳ್ಳುವವರು ಒಬ್ಬರು ಮುಂದಿದ್ದರು. ಆ ನಿಶ್ಚಿಂತೆ ನಿಮಗೆ ಯಾವತ್ತೂ ಸಿಗಲಿಲ್ಲ. ಒಂದು ಸಲ ಸಿಗಲಿ ಅಂತ ಆಸೆ.

ಮಂಡಿ ಜೋಪಾನ. ನಿಮ್ಮ ಆಯಸ್ಸು ಗಟ್ಟಿಯಾಗಿರಲಿ, ಹಟ ಒಂದಿಷ್ಟು ಸಡಿಲವಾಗಲಿ.

ಭಾನುವಾರ ಬಾಗಿಲಲ್ಲಿ ಹಾರ್ನ್ ಹೊಡೆಯುವ,
ನಿಮ್ಮವಳು