ಟಾರೆನ್ಸ್‌ನ ಗುರುವಾರಗಳು

ಸ್ಯಾನ್ ಡಿಯೇಗೊ
ಅಕ್ಟೋಬರ್ ೯, ೨೦೧೬

ಪ್ರಿಯ ನಾಚಪ್ಪ,

ನಾವು ಬೇರೆಯಾಗಿ ಮೂರು ವರ್ಷವಾದ ಮೇಲೆ ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದೆ. ನಿನ್ನ ಅವ್ವ ಊರಿಂದ ಪಸಡೀನಾಕ್ಕೆ ಬಂದು ತಿಂಗಳಾಯಿತು, ಮಾವ ತೀರಿಕೊಂಡ ಮೇಲೆ ಅವರಿಗೆ ಊಟವೇ ಸೇರುತ್ತಿಲ್ಲ, ಎರಡು ತುತ್ತಿಗೇ ತಟ್ಟೆ ಸರಿಸುತ್ತಾರೆ ಅಂತ ನೀನು ಹೇಳಿದೆ. ೨೦೧೦ರಲ್ಲಿ ಬಂದಾಗ ಅಷ್ಟು ಗೆಲುವಾಗಿದ್ದರಲ್ಲ, ನೀನು ಆಗ ಏನು ಮಾಡಿ ಹಾಕುತ್ತಿದ್ದೆ ಅಂತ ಕೇಳಿದೆ. ಯೋಚಿಸಿ ಹೇಳ್ತೀನಿ ಅಂತ ನಾನು ಫೋನಿಟ್ಟೆ. ಯೋಚಿಸುವಂಥದ್ದೇನೂ ಇರಲಿಲ್ಲ. ನಿನಗೆ ಹೇಳುವುದಿಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದೆ, ಅಷ್ಟೆ. ನಿನ್ನೆ ಅವರಿಗೇ ಕಾಲ್ ಮಾಡಿ ಕೇಳಿದೆ. "ಹೇಳು ಮಗಳೇ, ಈಗ ಯಾರಿಗೇನು" ಅಂದರು.

ಅವರನ್ನು ಗೆಲುವಾಗಿಟ್ಟಿದ್ದು ನನ್ನ ಅಡುಗೆಯಲ್ಲ. ನಾನು ಮಾಂಸ ತಿನ್ನದವಳು, ಮದುವೆಯಾದ ವಾರವೇ ನೀನೂ ನನಗಾಗಿ ಬಿಟ್ಟೆ. ನಾನು ಕೇಳಿರಲಿಲ್ಲ. ಕೊಡವರ ಹುಡುಗ ಪಂದಿಕರಿ ಬಿಟ್ಟನಂತೆ ಅಂತ ವಿರಾಜಪೇಟೆಯಲ್ಲಿ ನಿಮ್ಮವರೆಲ್ಲ ನಕ್ಕಿದ್ದರು. ನಮ್ಮ ಮನೆಗೆ ಬಂದ ಅವ್ವ ನಾನು ಮಾಡಿದ ಹುಳಿ, ಪಲ್ಯವನ್ನು ಚೆನ್ನಾಗಿದೆ ಅಂತಲೇ ಉಣ್ಣುತ್ತಿದ್ದರು. ಹೆಣ್ಣುಮಕ್ಕಳಿಗೆ ಹಾಕಿ ಆಟ ಕಲಿಸಿದ ಪಿ.ಟಿ. ಟೀಚರು, ದೂರು ಹೇಳುವ ಪೈಕಿಯಲ್ಲ.

ಆಗ ನನಗೆ ಕೆಲಸವಿರಲಿಲ್ಲ, ಲೈಸೆನ್ಸ್ ಹೊಸದು. ನೀನು ಲ್ಯಾಬಿಗೆ ಹೋದ ಒಂದು ಗುರುವಾರ, ಅವ್ವನಿಗೆ ಸಮುದ್ರ ತೋರಿಸೋಣ ಅಂತ ೧೧೦ ಫ್ರೀವೇಯಲ್ಲಿ ಹೊರಟೆ. ಎರಡೂ ಕಡೆ ದೊಡ್ಡ ದೊಡ್ಡ ಟ್ರಕ್ಕುಗಳು. ಇನ್ನು ಓಡಿಸಲಾರೆ ಅನ್ನಿಸಿ, ಟಾರೆನ್ಸ್ ಹತ್ತಿರ ಸಿಕ್ಕ ಎಕ್ಸಿಟ್ ತೆಗೆದುಕೊಂಡು, ಯಾವುದೋ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿದೆ. ಎದುರಿಗೊಂದು ಪುಟ್ಟ ಜಪಾನಿ ಹೋಟೆಲು. ಬಾಗಿಲಲ್ಲಿ ಊಟದ ಫೋಟೊಗಳು. ಅವ್ವ ಅದರ ಮುಂದೆ ನಿಂತು, "ಇದು ಪಂದಿಯಾ?" ಅಂತ ಮೆಲ್ಲಗೆ ಕೇಳಿದರು. ಹೌದು, ಹಂದಿಯೇ ಅಂದೆ. "ಸರಿ, ನಡಿ, ಸಮುದ್ರಕ್ಕೆ ಹೋಗೋಣ" ಅಂದರು. ಆದರೆ ಕಾಲು ಕದಲಲಿಲ್ಲ. ನಾನೇ ಬಾಗಿಲು ತಳ್ಳಿದೆ.

ಟೊಂಕಾಟ್ಸು ಅಂತ ಅದರ ಹೆಸರು. ಹಂದಿಯ ದಪ್ಪ ತುಂಡಿಗೆ ಬ್ರೆಡ್ಡಿನ ಪುಡಿ ಮೆತ್ತಿ, ಕರಿದು, ಬೆರಳಗಲ ಕತ್ತರಿಸಿ, ಎಳೆಎಳೆಯಾಗಿ ಹೆಚ್ಚಿದ ಎಲೆಕೋಸಿನ ಗುಡ್ಡೆಗೆ ಒರಗಿಸಿ ಕೊಡುತ್ತಾರೆ. ಮೊದಲು ಬಂದದ್ದು ಅಂಗೈಯಗಲದ ಒರಳು, ಒಳಗೆ ಹುರಿದ ಎಳ್ಳು. ಊಟ ಬರುವತನಕ ನಾವೇ ಅರೆಯಬೇಕು. ಆ ಘಮಕ್ಕೇ ಅವ್ವನ ಮುಖ ಅರಳಿತು. ಮೊದಲ ತುಂಡು ಕಡಿದಾಗ ಕರುಂ ಅಂದದ್ದು ನನಗೂ ಕೇಳಿಸಿತು. ಕೊಬ್ಬಿನಂಚನ್ನು ಕೊನೆಗೆ ಉಳಿಸಿಕೊಂಡು ಕಣ್ಣು ಮುಚ್ಚಿ ತಿಂದರು. ನಾನು ಅನ್ನ, ಎಲೆಕೋಸು, ಉಪ್ಪಿನಕಾಯಿ ತಿಂದೆ. ವಾಸನೆ ಸಹಿಸಲಾಗುವುದಿಲ್ಲ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ವಾಪಸು ಬರುವಾಗ ಅವ್ವ, "ನಾಚಪ್ಪನಿಗೆ ಹೇಳಬೇಡ. ಪಾಪ, ಅವನಿಗೂ ಆಸೆಯಾಗುತ್ತೆ" ಅಂದರು. ಸಮುದ್ರ ಅವತ್ತು ನೋಡಲೇ ಇಲ್ಲ.

ಆಮೇಲೆ ಅವರು ಇರುವತನಕ ಗುರುವಾರವೆಂದರೆ ಟಾರೆನ್ಸ್. ಎರಡನೇ ಸಲ ವ್ಯಾನಿಟಿ ಬ್ಯಾಗಿನಿಂದ ಕಾಚಂಪುಳಿ ಶೀಷೆ ತೆಗೆದರು, ಪಂದಿಕರಿಗೆ ಹಾಕುವ ನಿಮ್ಮ ಆ ಕಪ್ಪು ಹುಳಿ. ಎರಡು ಹನಿ ಹಾಕಿಕೊಂಡರೋ ಇಲ್ಲವೋ ಹೋಟೆಲಿನ ಮುದುಕ ಯಜಮಾನ ಬಂದು ನಿಂತ. ಬೈಯುತ್ತಾನೆ ಅಂದುಕೊಂಡೆ. ಅವ್ವ ಕನ್ನಡದಲ್ಲೇ "ರುಚಿ ನೋಡಿ" ಅಂತ ಶೀಷೆ ಮುಂದೆ ಹಿಡಿದರು. ಅವನು ಬೆರಳಿಗೆ ಹಚ್ಚಿ ನೆಕ್ಕಿ, ಮುಖ ಹಿಂಡಿ, ಮತ್ತೆ ಬೆರಳು ಚಾಚಿದ.

ಅಲ್ಲಿ ಕೂತರೆ ಅವ್ವ ಬೇರೆಯೇ ಮನುಷ್ಯರು. ಟೀಮ್ ಕಟ್ಟಿಕೊಂಡು ಧಾರವಾಡಕ್ಕೆ ಹೋಗಿ ಗೆದ್ದು ಬಂದದ್ದು, ಮದುವೆಗೆ ಮುಂಚೆ ಮಾವ ಮ್ಯಾಚ್ ನೋಡುವ ನೆಪದಲ್ಲಿ ಬೇಲಿಯಾಚೆ ನಿಲ್ಲುತ್ತಿದ್ದದ್ದು, ಎಲ್ಲ ಹೇಳುತ್ತಿದ್ದರು.

ಇಲ್ಲಿ ಸ್ಯಾನ್ ಡಿಯೇಗೊದ ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಸಿಕ್ಕಿದ್ದನ್ನೂ ನಾನು ಮೊದಲು ಹೇಳಿದ್ದು ಆ ಟೇಬಲ್ಲಿನಲ್ಲೇ. "ಹೋಗು, ರೈಲಿದೆಯಲ್ಲ" ಅಂದರು. ರೈಲಿತ್ತು. ಮೊದಮೊದಲು ಪ್ರತಿ ಶನಿವಾರ ನಿನ್ನ ಹತ್ತಿರ ಬರುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಅದೂ ಇಲ್ಲ. ನಾವು ಜಗಳವಾಡಿದ್ದು ನೆನಪಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ.

ಹೋಟೆಲು ಇನ್ನೂ ಇದೆ, ವಿಚಾರಿಸಿದೆ. ಅವ್ವನನ್ನು ಕರೆದುಕೊಂಡು ಹೋಗು. ಕೊಬ್ಬಿನಂಚು ಇರುವುದನ್ನೇ ಆರ್ಡರ್ ಮಾಡು. ಎಳ್ಳು ಅರೆಯುವುದನ್ನು ಅವರಿಗೇ ಬಿಡು. ಎದುರಿಗೆ ಸುಮ್ಮನೆ ನೋಡುತ್ತ ಮಾತ್ರ ಕೂರಬೇಡ, ನೀನೂ ತಿನ್ನು. ನೀನು ಈಗಲೂ ಮಾಂಸ ಮುಟ್ಟುವುದಿಲ್ಲ ಅಂತ ಅವ್ವ ಹೇಳಿದರು. ಯಾರಿಗಾಗಿ ನಾಚಪ್ಪ? ಮಾವನ ಜೊತೆ ಅಷ್ಟು ವರ್ಷ ಕೂತು ಉಂಡವರಿಗೆ ಒಬ್ಬರೇ ತಿನ್ನುವುದು ಕಷ್ಟ.

ಅವರಿಗೆ ನನ್ನ ನಮಸ್ಕಾರ ಹೇಳು. ನೀನೂ ಹುಷಾರಾಗಿರು.

ಸಿಂಧೂರ

ಮರೆತದ್ದು: ಮರೆತದ್ದೇನಲ್ಲ. ಕೆಲಸದ ಸುದ್ದಿ ಹೇಳಿದ ದಿನ ನಾನು ಅಳುತ್ತಿದ್ದೆ. ಅವ್ವ ತಮ್ಮ ತಟ್ಟೆಯಿಂದ ಒಂದು ತುಂಡು ತೆಗೆದು ನನ್ನ ಅನ್ನದ ಮೇಲಿಟ್ಟರು. ತಿಂದೆ. ಇಷ್ಟವಾಯಿತು. ಆ ಸಂಜೆ ನೀನು ನನಗಾಗಿ ಬೇಳೆಸಾರು ಮಾಡಿ ಕಾಯುತ್ತಿದ್ದೆ, ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಕಾನ್ವಾಯ್ ಸ್ಟ್ರೀಟಿನಲ್ಲೂ ಅಂಥದೊಂದು ಹೋಟೆಲಿದೆ. ಆಗಾಗ ಹೋಗಿ ತಿನ್ನುತ್ತೇನೆ. ಎದುರಿನ ಕುರ್ಚಿಯ ಮೇಲೆ ಬ್ಯಾಗ್ ಇಟ್ಟುಕೊಂಡಿರುತ್ತೇನೆ.