ಗೀರು ಹಾಕಿದ ತಾಮ್ರದ ಪಟ್ಟಿ

೪, ಸೋಮವಾರ

ಹನ್ನೊಂದು ಮೀಟರ್ ಒರೆಸಿದೆ. ಹನ್ನೊಂದರಲ್ಲೂ ಹಸಿರು ದೀಪ. ಕೆಂಪು ದೀಪ ಮಿಟುಕಿದರೆ ಎಂಜಿನಿಯರ್ ಸಾಹೇಬರು ಪುಸ್ತಕ ಹುಡುಕುತ್ತಾರೆ, ನಾನು ಎಣಿಸುತ್ತೇನೆ. ಒಂದು ಮಿಟುಕು — ವೋಲ್ಟೇಜ್ ಇಲ್ಲ. ಎರಡು — ಯಾವುದೋ ಲೈನಿನ ಕರೆಂಟ್ ಮೀಟರಿಗೆ ತಲುಪುತ್ತಿಲ್ಲ. ಮೂರು — ವೈರು ತಿರುಗುಮುರುಗು. ಹಳ್ಳಿ ಶಾಲೆಯ ಏಳನೇ ಕ್ಲಾಸಿನ ತಲೆ ಇದು! ಇಡೀ ಕಾರ್ಖಾನೆ ನನ್ನನ್ನು ಮಾವ ಎನ್ನುವುದು ಸುಮ್ಮನೆಯೇ?

ಸ್ಟೋರ್ ಕೀಪರನಿಗೆ ಇವತ್ತೂ ಟೋಪಿ. ಹೊಚ್ಚಹೊಸ ತಾಮ್ರದ ಪಟ್ಟಿಗೆ ಎಣ್ಣೆ ಸವರಿ, ಬೆಂಕಿಗೆ ಹಿಡಿದು ಕಪ್ಪು ಮಾಡಿ, "ನಿಮ್ಮಜ್ಜನ ಕಾಲದ್ದು, ಬದಲಿ ಕೊಡಪ್ಪಾ" ಎಂದೆ. ನಂಬಿಬಿಟ್ಟ. ಅಳಿಯ — ನನ್ನ ಅಕ್ಕನ ಮಗ — ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡು ವರ್ಷದ ಹಿಂದೆ ನಾನೇ ಕೆಲಸಕ್ಕೆ ಸೇರಿಸಿದ್ದು. ಅವನ ಕೈಚಳಕವೆಲ್ಲ ನನ್ನದೇ.

೬, ಬುಧವಾರ

ಕ್ರಷರ್ ಪ್ಯಾನೆಲ್ ತೆರೆದು ಧೂಳು ತೆಗೆದೆ. ಮೀಟರಿನ ಹಿಂದಿನ ವೈರು ಬಿಚ್ಚುವ ಮೊದಲು ಮೂರು ಲೈನಿಗೂ ತಾಮ್ರದ ಪಟ್ಟಿ ಹಾಕಬೇಕು. ಇಲ್ಲವಾದರೆ ಕಿಡಿ ಹಾರಿ ಮೋರೆ ಸುಟ್ಟೀತು. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ಬಿಟ್ಟರೆ ಕರೆಂಟ್ ಅಲ್ಲೇ ಸುತ್ತು ಹೊಡೆಯುತ್ತದೆ, ಮೀಟರಿಗೆ ಸೊನ್ನೆ. ಹಾಗಾಗಿ ನನ್ನ ಲೆಕ್ಕ: ಜೇಬಿನಿಂದ ಮೂರು ಹೋದರೆ ಜೇಬಿಗೆ ಮೂರು ಬರಬೇಕು. ಬಂದವು. ಅಳಿಯನಿಗೂ ಮೂರು ಕತ್ತರಿಸಿ ಕೊಟ್ಟಿದ್ದೇನೆ. ಗುರುತಿಗೆ ಅವನವುಗಳ ಮೇಲೆ ಅರದಿಂದ ಒಂದೊಂದು ಗೀರು.

ನಾಳೆ ಅಕ್ಕನ ಕಣ್ಣಿನ ಆಪರೇಷನ್. ಅಳಿಯನಿಗೆ ರಜೆ ಸಿಗಲಿಲ್ಲ. ಅವನ ಬದಲು ನಾನು ಆಸ್ಪತ್ರೆಗೆ.

೮, ಶುಕ್ರವಾರ

ಕ್ರಷರ್ ಮೋಟರ್ ಸುಟ್ಟು ಕರಕಲು. ಲೋಡ್ ಹೆಚ್ಚಾದರೆ ಅದನ್ನು ನಿಲ್ಲಿಸಬೇಕಾದದ್ದು ಮೀಟರ್. ನಿಲ್ಲಿಸಿಲ್ಲ. ದೀಪ ಎಣಿಸಿದೆ. ಎರಡು ಮಿಟುಕು, ಬಿಡುವು, ಮತ್ತೆ ಎರಡು. ಅದೇ ಪ್ಯಾನೆಲಿನಿಂದ ಫ್ಯಾನ್ ಇನ್ನೂ ಓಡುತ್ತಿತ್ತು. ನಡುವಿನ ಕೇಬಲಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಹಾಕಿದೆ — ಹನ್ನೆರಡು ಆಂಪಿಯರ್. ಮೀಟರಿನಲ್ಲಿ ಸೊನ್ನೆ. ಹಿಂಬಾಗಿಲು ತೆರೆದು ಟಾರ್ಚ್ ಬಿಟ್ಟೆ. ನಡುವಿನ ಲೈನಿನ ಮೇಲೆ ತಾಮ್ರದ ಪಟ್ಟಿ ಹಾಗೇ ಕೂತಿದೆ.

ಕೈ ಜೇಬಿಗೆ ಹೋಯಿತು. ನನ್ನವು ಮೂರೂ ಇವೆ. ಇದರ ಮೇಲೆ ಗೀರು.

ಸಾಹೇಬರು ಕೇಳಿದರು, "ಈ ಪ್ಯಾನೆಲ್‌ಗೆ ಕೊನೆಗೆ ಕೈ ಹಾಕಿದ್ದು ಯಾರು?"

"ಬುಧವಾರ ಮಾವನೇ ಸಾರ್," ಎಂದ ಅಳಿಯ. "ಆಮೇಲೆ ಯಾರೂ ತೆಗ್ದೇ ಇಲ್ಲ."

ನನ್ನ ಕಡೆ ನೋಡಲಿಲ್ಲ... ಪಟ್ಟಿ ಕಳಚಿ ಜೇಬಿಗೆ ಹಾಕಿಕೊಂಡೆ. ಮೊದಲು ಇವನನ್ನೇ ಕೇಳಬೇಕು.

೯, ಶನಿವಾರ

ಅಳಿಯನನ್ನು ಟೂಲ್ ರೂಮಿನಲ್ಲಿ ಹಿಡಿದೆ. "ಗುರುವಾರ ಪ್ಯಾನೆಲ್ ತೆಗ್ದಿದ್ಯೇನೋ?"

"ವೈರ್ ಲೂಸ್ ಇತ್ತು ಮಾವ, ಇಲ್ಲಿರೋ ಸ್ಪೇರ್ ಬೀಗದ ಕೈಲಿ ತೆಗ್ದೆ. ಎರಡೇ ನಿಮಿಷದ ಕೆಲಸ."

"ಲಾಗ್ ಬುಕ್ಕಲ್ಲಿ ಯಾಕೆ ಬರೀಲಿಲ್ಲ?"

"ನಿಮಗೆ ಇನ್ನೊಂದು ವರ್ಷ ಸರ್ವಿಸು. ನನಗೆ ಇನ್ನೂ ಮೂವತ್ತು ವರ್ಷ ಇದೆ. ನಿಮ್ಮನ್ನ ಯಾರು ಏನ್ಮಾಡ್ತಾರೆ ಹೇಳಿ?"

"ನಿನ್ನ ಪಟ್ಟಿ ತೋರ್ಸು."

ಮೂರು ತೋರಿಸಿದ. ಮೂರಕ್ಕೂ ಗೀರು. ಒಂದು ಮಾತ್ರ ಹೊಸ ತಾಮ್ರ, ಪಳಪಳ ಹೊಳೆಯುತ್ತಿತ್ತು.

೧೧, ಸೋಮವಾರ, ಮಧ್ಯಾಹ್ನ

ವಿಚಾರಣೆ. ನನ್ನ ಮೂರು ಪಟ್ಟಿ ಮೇಜಿನ ಮೇಲಿಟ್ಟೆ. ಪ್ಯಾನೆಲಿನಲ್ಲಿ ಸಿಕ್ಕ ನಾಲ್ಕನೆಯದನ್ನು ಬೇರೆ ಇಟ್ಟೆ. "ಗೀರು ನೋಡಿ ಸಾಹೇಬರೇ. ಇವನದು. ಇವನ ಜೇಬಲ್ಲಿ ಒಂದು ಹೊಸದಿದೆ, ತೆಗ್ಸಿ."

ತೆಗೆದ. ಮೂರೂ ಕಪ್ಪು. ನೋಡಲು ಮೂರೂ ಹಳೆಯವು! ಒಂದನ್ನು ಮೂಗಿಗೆ ಹಿಡಿದೆ. ಸುಟ್ಟೆಣ್ಣೆಯ ವಾಸನೆ.

"ಕಾಯ್ಸಿ ಕಪ್ಪು ಮಾಡಿದಾನೆ ಸಾಹೇಬರೇ!"

ಅಳಿಯ ಮೆಲ್ಲಗೆ, "ಪಟ್ಟಿ ಕತ್ತರ್ಸೋರೂ ಮಾವನೇ, ಗೀರು ಹಾಕೋರೂ ಮಾವನೇ. ಅವರಿಗೆ ಎಲ್ಲಾ ಆಟ ಸಾರ್. ಬೇಕಾದ್ರೆ ಸ್ಟೋರ್ ಕೀಪರ್ನ ಕೇಳಿ" ಎಂದ.

ಕರೆಸಿದರು. ಅವನು ನಕ್ಕು, "ಹೋದ ವಾರ ನನಗೂ ಹಿಂಗೇ ಕರಿ ಪಟ್ಟಿ ದಾಟ್ಸಿದ್ರಲ್ಲ ಮಾವ! ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ?" ಎಂದ.

ಎಲ್ಲರೂ ನಕ್ಕರು. ಅಳಿಯ ನಗಲಿಲ್ಲ. ತಲೆ ತಗ್ಗಿಸಿ ಕೂತಿದ್ದ, ಪಾಪದವನ ಹಾಗೆ.

೧೪, ಗುರುವಾರ

ತಪ್ಪು ನನ್ನದೇ ಎಂದಾಯಿತು. ಪ್ಯಾನೆಲ್ ಬೀಗದ ಕೈ ಕೊಟ್ಟುಬಂದೆ. ಇನ್ನು ಗೇಟಿನ ಹತ್ತಿರ ಬಲ್ಬು ಬದಲಿಸುವ ಕೆಲಸ. ಬೀಗದ ಕೈ ಈಗ ಅವನ ಸೊಂಟದಲ್ಲಿ.

ದಾರಿಯಲ್ಲಿ ಐದನೇ ಪ್ಯಾನೆಲಿನಲ್ಲಿ ಕೆಂಪು. ನಿಂತು ಎಣಿಸಿದೆ. ಮೂರು. ಯಾರಿಗೂ ಹೇಳಲಿಲ್ಲ. ಹತ್ತು ಹೆಜ್ಜೆ ನಡೆದು, ತಿರುಗಿ ಬಂದು, ಸಾಹೇಬರಿಗೆ ಹೇಳಿದೆ. ಸುಮ್ಮನಿರಲಾಗಲಿಲ್ಲ. ಅವರು ಅಳಿಯನನ್ನು ಕರೆದರು.

ಸಂಜೆ

ಅಕ್ಕನ ಫೋನು. ಬ್ಯಾಂಡೇಜ್ ಬಿಚ್ಚಿದ್ದಾರೆ. "ತಮ್ಮಾ, ಗೋಡೆ ಮೇಲಿನ ಇರುವೆನೂ ಕಾಣ್ತಿದೆ ಕಣೋ! ಇವನಿಗೆ ಬೀಗದ ಕೈ ಕೊಟ್ರಂತಲ್ಲ? ನೀನೇ ಕೊಡ್ಸಿದ್ಯಂತೆ. ಕೆಲಸ ಚೆನ್ನಾಗಿ ಕಲ್ತಿದಾನೇನೋ?"

"ಕಲ್ತಿದಾನೆ ಅಕ್ಕಾ," ಎಂದೆ. "ನಾನು ಹೇಳ್ಕೊಟ್ಟಿದ್ದು ಒಂದೂ ಬಿಟ್ಟಿಲ್ಲ. ಆದ್ರೆ ಅಕ್ಕಾ, ಗುರುವಾರ ನಾನು ನಿನ್ನ ಹತ್ರ ಇದ್ದಾಗ..."

"ಹೂಂ, ಗುರುವಾರ?"

"ಗುರುವಾರ ನಿನ್ನ ಮಗ ಕ್ರಷರ್ ಪ್ಯಾನೆಲ್ ತೆಗ್ದಿದ್ದ ಅಕ್ಕಾ," ಎಂದೆ.