ಬಾಯಿಗೆ ಬಾರದ ಹೆಸರು

ಯಜಮಾನರಿಗೆ,

ಇವತ್ತು ಬೆಳಿಗ್ಗೆ ಚಳ್ಳಕೆರೆಯಿಂದ ಕಾಲೇಜು ಮೇಷ್ಟ್ರೊಬ್ಬರು ಬಂದಿದ್ದರು. ಈ ಸೀಮೆಯಲ್ಲಿ ದೊಡ್ಡ ಕೆಲಸ ಮಾಡಿಯೂ ಯಾರಿಗೂ ಗೊತ್ತಾಗದೆ ಹೋದವರ ಜೀವನಚರಿತ್ರೆ ಬರೆದು ಮುಗಿಸಿದ್ದಾರಂತೆ, ಒಂದು ಹೆಸರು ಮಾತ್ರ ಬಾಕಿಯಂತೆ.

"ದನಗಳಿಗೆ ಗಂಟಲುಬೇನೆ ಬಂದ ವರ್ಷ ಹಳ್ಳಿ ಹಳ್ಳಿ ನಡೆದು ಮದ್ದು ಹಾಕಿದವರು ಈ ಮನೆಯವರಂತಲ್ಲ, ಅವರ ಹೆಸರೇನವ್ವ?" ಎಂದು ಕೇಳಿದರು.

ಗಂಡನ ಹೆಸರನ್ನು ನಾನು ಹೇಳುವುದುಂಟೇ? ವಾಡಿಕೆಯಂತೆ ನಿಮ್ಮ ತಮ್ಮನೇ ಹೇಳಲೆಂದು ಅವನ ಕಡೆ ನೋಡಿದೆ.

"ನಂದೇ ರೀ. ದೊಡ್ಡೀರಪ್ಪ ಅಂತ ಬರ್ಕೊಳ್ರಿ" ಅಂದ.

ಹೊರಗಿನವರ ಎದುರು ಮನೆಯ ಮಾನ ಹೋಗಬಾರದೆಂದು ಸುಮ್ಮನಿದ್ದೆ. ಮೇಷ್ಟ್ರು ಹೋದ ಮೇಲೆ ಚೆನ್ನಾಗಿ ಬೈದೆ. ಅವನು ನಕ್ಕ.

"ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗ್ತೈತೆ ಅಂತಿದ್ದೆ. ಅಣ್ಣ ಹೋಗಿ ಒಂಬತ್ತು ವರ್ಷ ಆತು. ಇನ್ಯಾವ ಆಯಸ್ಸು ಕಾಯ್ತಿದೀಯ ಅತ್ತಿಗೆ?"

ಮಧ್ಯಾಹ್ನ ನಾನೇ ಮೇಷ್ಟ್ರಿಗೆ ಫೋನು ಮಾಡಿ, ಹೆಸರು ತಪ್ಪಾಗಿದೆ ಎಂದೆ. ಪುಸ್ತಕ ನಾಳೆಯೇ ಅಚ್ಚಿಗೆ ಹೋಗುತ್ತದಂತೆ.

"ಹಂಗಾದ್ರೆ ಸರಿಯಾದ ಹೆಸರು ಹೇಳ್ರವ್ವ, ಈಗ್ಲೇ ತಿದ್ತೀನಿ" ಅಂದರು.

ಬಾಯಿ ತೆರೆದೆ. ಅವರು "ಹಲೋ, ಹಲೋ" ಎನ್ನುತ್ತಲೇ ಇದ್ದರು.

"ಬರ್ದಿರೋದೇ ಇರ್ಲಿ ಬಿಡ್ರಿ" ಎಂದುಬಿಟ್ಟೆ.